ಅಜ್ಜನ ಅಜ್ಜ ಮರ ಇಳಿದ ದಿನ

ಕಳೆದ ವರ್ಷ ಜೂನ್‌ನಲ್ಲಿ ನನ್ನ ಸ್ವರ ಹೋಯಿತು.

ಕುತ್ತಿಗೆಯಲ್ಲಿ ಗಂಟು ಇತ್ತು. ಥೈರಾಯ್ಡ್ ಆಪರೇಷನ್ ಆಯಿತು. ಎಚ್ಚರವಾದಾಗ ನೀರು ಕೇಳೋಣ ಎಂದು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಥೈರಾಯ್ಡ್ ಗ್ರಂಥಿಯ ಹಿಂದೆಯೇ ಧ್ವನಿತಂತುಗಳಿಗೆ ಹೋಗುವ ನರ ಇದೆಯಂತೆ. ನೂಲಿನಷ್ಟು ಸಪೂರ. ಅದಕ್ಕೆ ಪೆಟ್ಟಾದರೆ ಆ ಬದಿಯ ತಂತು ಅಲ್ಲಾಡುವುದಿಲ್ಲ. ಎರಡು ತಂತು ಒಂದಕ್ಕೊಂದು ತಾಗದೆ ಸ್ವರ ಹುಟ್ಟುವುದಿಲ್ಲ, ನಡುವಿನಿಂದ ಉಸಿರು ಸೋರಿಹೋಗುತ್ತದೆ. "ಆರು ತಿಂಗಳಲ್ಲಿ ಸರಿಯಾಗಬಹುದು, ವರ್ಷವೂ ಹಿಡಿಯಬಹುದು. ಕಾದು ನೋಡೋಣ" ಎಂದರು ಡಾಕ್ಟರು. ಗಂಟು ಕ್ಯಾನ್ಸರ್ ಅಲ್ಲ ಎಂದು ರಿಪೋರ್ಟ್ ಬಂತು. ಮನೆಯವರೆಲ್ಲ ಅದಕ್ಕೆ ಕೈಮುಗಿದರು. ನಾನೂ ಮುಗಿದೆ. ಆದರೆ ರಾತ್ರಿ ಗೋಡೆ ಕಡೆ ತಿರುಗಿ ಅತ್ತೆ. ಅಳುವುದಕ್ಕೂ ಸದ್ದು ಇರಲಿಲ್ಲ.

ನಾನು ಕನ್ನಡ ಟೀಚರ್. 22 ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಅದಕ್ಕಿಂತ ಜಾಸ್ತಿ ವರ್ಷ ನಮ್ಮ ಸಭೆಯ, ಅಂದರೆ ಚರ್ಚಿನ, ಕ್ವಾಯರ್‌ನಲ್ಲಿ ಆಲ್ಟೋ, ಹೆಂಗಸರ ಕೆಳಗಿನ ಸ್ವರ, ಹಾಡಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಪ್ರೊಟೆಸ್ಟಂಟ್ ಮಿಶನರಿಗಳು ಕಟ್ಟಿದ, ನಮ್ಮ ಕಡೆಯ ಬಾಸೆಲ್ ಮಿಶನ್ ಸಭೆಗಳನ್ನು ಬಲ್ಲವರಿಗೆ ಗೊತ್ತು, ನಮ್ಮಲ್ಲಿ ಹಾಡು ಎಂದರೆ ಆರಾಧನೆಯ ಅಲಂಕಾರವಲ್ಲ, ಅದೇ ಆರಾಧನೆ. ಜರ್ಮನ್ ರಾಗ, ಕನ್ನಡ ಮಾತು, ನಾಲ್ಕು ಪಂಕ್ತಿ ಸ್ವರ. ಪುಸ್ತಕ ನೋಡದೆ ನೂರಾರು ಹಾಡು ಹೇಳುವ ಅಜ್ಜಿಯಂದಿರು ಪ್ರತಿ ಸಭೆಯಲ್ಲೂ ಇರುತ್ತಿದ್ದರು. ನಾನು ಪ್ರಾರ್ಥನೆ ಕಲಿತದ್ದು ಹಾಗೆಯೇ, ಬಾಯಿಬಿಟ್ಟು, ಗಟ್ಟಿಯಾಗಿ. ಸ್ವರ ಹೋದಾಗ ಪ್ರಾರ್ಥನೆಯೂ ಹೋಯಿತು. ದೇವರ ಮೇಲೆ ಸಿಟ್ಟಿತ್ತು ಎಂದಲ್ಲ. ಮನಸ್ಸಿನಲ್ಲೇ ಪ್ರಾರ್ಥಿಸಲು ಕೂತರೆ ಎರಡು ಸಾಲಿನ ಮೇಲೆ ಮುಂದೆ ಹೋಗುತ್ತಿರಲಿಲ್ಲ, ಅಷ್ಟೇ. ಖಾಲಿ ಕೋಣೆಯಲ್ಲಿ ಕೂತ ಹಾಗೆ ಆಗುತ್ತಿತ್ತು.

ರಜೆ ಮುಗಿಯುತ್ತಾ ಬಂತು. ಸಂಬಳವಿಲ್ಲದ ರಜೆ ಶುರುವಾಯಿತು. ಫೋನ್ ಬಂದರೆ ಎದೆ ಧಸಕ್ ಎನ್ನುತ್ತಿತ್ತು, ಎತ್ತಿ ಏನು ಹೇಳಲಿ? ಆಗಸ್ಟ್‌ನಲ್ಲಿ ನಾನು ಮೂಲ್ಕಿಯ ಹತ್ತಿರದ ನಮ್ಮ ಹಳೆಮನೆಗೆ ಹೋದೆ. ಅಲ್ಲಿ ದೊಡ್ಡಮ್ಮ ಒಬ್ಬರೇ ಇರುವುದು. ಅವರಿಗೆ 86. ಕಿವಿ ಕೇಳುವುದಿಲ್ಲ. ನನಗೆ ಮಾತು ಬರುವುದಿಲ್ಲ, ಅವರಿಗೆ ಕೇಳುವುದಿಲ್ಲ. ಇಬ್ಬರಿಗೂ ಇದಕ್ಕಿಂತ ಒಳ್ಳೆಯ ಜೊತೆ ಎಲ್ಲಿ ಸಿಗಬೇಕು?

ಅವರು ಮಾತಾಡಿದರು. ನಾನು ಮೂರು ವಾರ ಸುಮ್ನೆ ಕೇಳಿದೆ.

ಒಂದು ಮಧ್ಯಾಹ್ನ ಮಳೆಗೆ ಹಿಂದಿನ ಕೊಟ್ಟಿಗೆಯ ಹೆಂಚು ಜಾರಿ ಬಿತ್ತು. ಒಡೆಯಲಿಲ್ಲ, ಕೆಸರಿಗೆ ಬಿತ್ತು. ಎತ್ತಿ ತೊಳೆದೆ. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಎಂದು ಉಬ್ಬಿದ ಅಕ್ಷರ, 1865 ಎಂಬ ಇಸವಿ. ಅದು ಕಾರ್ಖಾನೆ ಶುರುವಾದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ಎಂಬ ಮಿಶನರಿ ಶುರುಮಾಡಿದ್ದು. ಈಗ ಎಲ್ಲರೂ ಮಂಗಳೂರು ಹೆಂಚು ಎನ್ನುತ್ತೇವಲ್ಲ, ಅದರ ಮೂಲ ಅಲ್ಲಿದೆ. ದೊಡ್ಡಮ್ಮ ಆ ಹೆಂಚನ್ನು ಮಡಿಲಲ್ಲಿ ಇಟ್ಟುಕೊಂಡು, ಮಗುವಿನ ಬೆನ್ನು ಸವರಿದ ಹಾಗೆ ಸವರಿ, "ಇದು ಅಜ್ಜನ ಅಜ್ಜ ಮೆಟ್ಟಿದ ಮಣ್ಣು" ಎಂದರು.

ಕಥೆ ನನಗೆ ಅರ್ಧಂಬರ್ಧ ಗೊತ್ತಿತ್ತು. ಚಿಕ್ಕಂದಿನಲ್ಲಿ ಅದು ಸಂಡೇ ಸ್ಕೂಲಿನ ಕಥೆಯ ಹಾಗೆ ಕೇಳಿದ್ದೆ. ಕತ್ತಲು ಇತ್ತು, ಬೆಳಕು ಬಂತು, ಮುಗಿಯಿತು. ಆ ದಿನ ಮೊದಲ ಸಲ ಅದನ್ನು ಒಬ್ಬ ಮನುಷ್ಯನ ಕಥೆಯಾಗಿ ಕೇಳಿದೆ.

ನಮ್ಮ ಹಿರಿಯರು ಬಿಲ್ಲವರು. ಮೂರ್ತೆ ಕಸುಬು, ಅಂದರೆ ಮರದಿಂದ ಕಳ್ಳು ಇಳಿಸುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಬೇಕು. ಹೊಂಬಾಳೆಯನ್ನು ಮೂಳೆಯಿಂದ ಮೆಲ್ಲಗೆ ಬಡಿಯಬೇಕು, ತುದಿ ಕೆತ್ತಬೇಕು, ಸೋರೆಬುರುಡೆಗೆ ಕಳ್ಳು ಬಸಿದುಕೊಂಡು ಇಳಿಯಬೇಕು. ನೆಲ ಯಾರದ್ದೋ, ಮರ ಯಾರದ್ದೋ. ದೇವಸ್ಥಾನದ ಒಳಗೆ ಕಾಲಿಡುವ ಹಾಗಿಲ್ಲ. 1834ರ ಅಕ್ಟೋಬರ್ ಕೊನೆಗೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದಿದ್ದರು. ಮಿಶನ್‌ನವರು ತುಳುನಾಡಿನ ಹಳ್ಳಿಗಳಲ್ಲಿ ತುಳು ಕಲಿತು ಮಾತಾಡಿದರು. ಹೊಸ ಒಡಂಬಡಿಕೆ 1847ರಲ್ಲೇ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಅಜ್ಜನ ಅಜ್ಜ ದೀಕ್ಷಾಸ್ನಾನ ತೆಗೆದುಕೊಂಡದ್ದು 1860ರ ದಶಕದ ಕೊನೆಯಲ್ಲಿ. ಓದು ಬರುತ್ತಿರಲಿಲ್ಲ. ಯಾರೋ ಅಂಗಳದಲ್ಲಿ ಕೂತು ಓದಿದ್ದನ್ನು ಕೇಳಿದ್ದು. ತನ್ನ ಮಾತಿನಲ್ಲೇ ದೇವರು ಮಾತಾಡಿದ್ದು ಕೇಳಿ ಮನಸ್ಸು ಕರಗಿತು ಎನ್ನುತ್ತಾರೆ ಮನೆಯಲ್ಲಿ. ಕಸುಬಿಗಾಗಿ, ಶಾಲೆಗಾಗಿ ಹೋದರು ಎನ್ನುವವರೂ ಇದ್ದಾರೆ. ಮನುಷ್ಯ ಒಂದೇ ಕಾರಣಕ್ಕೆ ಬದುಕು ಬದಲಿಸುತ್ತಾನಾ? ಹಸಿವೂ ಇತ್ತು, ಅವಮಾನವೂ ಇತ್ತು, ವಾಕ್ಯವೂ ಇತ್ತು. ಇವುಗಳನ್ನು ಬೇರೆ ಬೇರೆ ಮಾಡಲು ನಾನು ಹೋಗುವುದಿಲ್ಲ.

ಆದರೆ ಅವರ ಪಾಲಿಗೆ ದೀಕ್ಷಾಸ್ನಾನ ಎಂದರೆ ಮೊದಲು ಕಳೆದುಕೊಳ್ಳುವುದು. ಕಳ್ಳಿನ ಕಸುಬಿಗೆ ಮಿಶನ್‌ನವರು ಒಪ್ಪುತ್ತಿರಲಿಲ್ಲ. ಆದ್ದರಿಂದ ಮರ ಬಿಡಬೇಕು. ಹೊಸ ಮತಕ್ಕೆ ಹೋದ ಒಕ್ಕಲನ್ನು ಧಣಿ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಗೇಣಿ ಗದ್ದೆ ಬಿಡಬೇಕು. ಕೂಡುಮನೆಯಲ್ಲಿ ಜಾಗವಿಲ್ಲ. ಕೊನೆಯ ದಿನ ಅವರು ಸಂಜೆ ಎಂದಿನಂತೆ ಮರ ಹತ್ತಿದರಂತೆ. ಇಳಿದು ಕತ್ತಿಯನ್ನು ತಮ್ಮನ ಕೈಗೆ ಕೊಟ್ಟರಂತೆ. ಹೆಂಡತಿ, ಎರಡು ಮಕ್ಕಳನ್ನು ಕರೆದುಕೊಂಡು ತೆಂಕು ದಿಕ್ಕಿಗೆ ನಡೆದರು. ಪಾವಂಜೆಯ ಹೊಳೆ, ಕೂಳೂರಿನ ಹೊಳೆ ದೋಣಿಯಲ್ಲಿ ದಾಟಿ ಜೆಪ್ಪು ಸೇರಿದರು. ಮರದ ತುದಿಯಲ್ಲಿ ಗಾಳಿಯಲ್ಲಿ ಬದುಕಿದ ಮನುಷ್ಯ ಮಣ್ಣು ಮೆಟ್ಟುವ ಕೆಲಸಕ್ಕೆ ಸೇರಿದ. ನೇತ್ರಾವತಿ ದಡದ ಜೇಡಿ. ಮೆಟ್ಟಿ, ಅಚ್ಚಿಗೆ ಹಾಕಿ, ಒಣಗಿಸಿ, ಸುಡುವುದು.

ಈ ಕಾರ್ಖಾನೆಗಳು ಹುಟ್ಟಿದ್ದೇ ಇಂಥವರಿಂದ. ಹೊಸದಾಗಿ ಸಭೆಗೆ ಸೇರಿದವರಿಗೆ ಊಟಕ್ಕೆ ದಾರಿ ಇರಲಿಲ್ಲ. ಮಿಶನ್‌ನವರು ಮೊದಲು ಗಡಿಯಾರದ ಕೆಲಸ ಕಲಿಸಲು ನೋಡಿದರು, ಸರಿಹೋಗಲಿಲ್ಲ. ಆಮೇಲೆ ಬಲ್ಮಠದಲ್ಲಿ ನೇಯ್ಗೆ ಬಂತು. ಜಾನ್ ಹಾಲರ್ ಅಲ್ಲಿ ಖಾಕಿ ಬಣ್ಣ ಕಂಡುಹಿಡಿದರು ಎಂದು ನಮ್ಮೂರಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ಹೆಂಚು. ಇತಿಹಾಸದ ಪುಸ್ತಕಗಳಲ್ಲಿ ಹಾಲರ್, ಪ್ಲೆಬ್ಸ್ಟ್, 1843ರಲ್ಲಿ ಮಂಗಳೂರ ಸಮಾಚಾರ ಶುರುಮಾಡಿದ ಮೋಗ್ಲಿಂಗ್, ನಿಘಂಟಿನ ಕಿಟೆಲ್, ಎಲ್ಲರ ಹೆಸರೂ ಇದೆ. ಇರಬೇಕು. ಅವರ ಮೇಲೆ ನನಗೆ ಗೌರವವಿದೆ. ಅವರಲ್ಲಿ ಎಷ್ಟೋ ಜನ ಹೆಂಡತಿ ಮಕ್ಕಳನ್ನು ಈ ಮಣ್ಣಿಗೇ ಕೊಟ್ಟವರು. ಆದರೆ ಮಣ್ಣು ಮೆಟ್ಟಿದವರ ಹೆಸರು ಹೆಂಚಿನ ಮೇಲೆ ಇಲ್ಲ. ಅದಕ್ಕೇ ದೊಡ್ಡಮ್ಮನಂಥವರು ಅದನ್ನು ಸವರಿ ಓದಬೇಕಾಗುತ್ತದೆ.

ಇಷ್ಟೇ ಆಗಿದ್ದರೆ ನನಗೆ ಹೆಚ್ಚು ಸಹಾಯವಾಗುತ್ತಿರಲಿಲ್ಲ. ಗಟ್ಟಿ ಹಿರಿಯರ ಕಥೆ ಕೇಳಿದರೆ ದುರ್ಬಲರಿಗೆ ಇನ್ನಷ್ಟು ನಾಚಿಕೆಯಾಗುತ್ತದೆ, ಅಲ್ವಾ? ಅವರು ಅಷ್ಟು ಬಿಟ್ಟರು, ನೀನು ಒಂದು ಸ್ವರಕ್ಕೆ ಅಳುತ್ತೀಯಾ ಎಂದು ಒಳಗಿನಿಂದ ಯಾರೋ ಕೇಳುತ್ತಾರೆ. ನಾನು ಹೆಂಚು ಕೆಳಗಿಟ್ಟು ಎದ್ದಿದ್ದೆ. ಆಗ ದೊಡ್ಡಮ್ಮ, "ಕೂತುಕೋ. ಮತ್ತೆ ಮರ ಹತ್ತಿದ್ದು ಹೇಳಿಲ್ಲ" ಎಂದರು.

ಅದು ನನಗೆ ಯಾರೂ ಹೇಳಿರದ ಭಾಗ.

ಜೆಪ್ಪುವಿಗೆ ಬಂದು ಎರಡನೆಯ ವರ್ಷ ಚಿಕ್ಕ ಮಗು ಜ್ವರದಲ್ಲಿ ತೀರಿಕೊಂಡಿತು. ಮಳೆಗಾಲ. ಹೆಂಚು ಒಣಗದೆ ಕೆಲಸ ಕಡಿಮೆ. ಕೈಯಲ್ಲಿ ಕಾಸಿಲ್ಲ. ಅಜ್ಜನ ಅಜ್ಜ ಯಾರಿಗೂ ಹೇಳದೆ ಊರ ಕಡೆ ನಡೆದುಹೋದರು. ತಮ್ಮನ ಕೈಯಿಂದ ಕತ್ತಿ ಇಸಿದುಕೊಂಡು ಎರಡು ತಿಂಗಳು ಮರ ಹತ್ತಿದರು. ಕುಡಿದರು ಕೂಡ. ಸುದ್ದಿ ಸಭೆಗೆ ಮುಟ್ಟಿತು. ಆ ಕಾಲದ ಸಭೆಗಳಲ್ಲಿ ಶಿಸ್ತು ಬಲು ಬಿಗಿ. ಕರ್ತನ ಭೋಜನದಿಂದ ಅವರನ್ನು ಹೊರಗಿಟ್ಟರು. ಹೆಂಡತಿ ಮಾತ್ರ ದೊಡ್ಡ ಮಗನನ್ನು ಕಟ್ಟಿಕೊಂಡು ಜೆಪ್ಪುವಿನಲ್ಲೇ ಉಳಿದರು. ಪ್ರತಿ ಭಾನುವಾರ ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಪಕ್ಕದಲ್ಲಿ ಒಂದು ಜಾಗ ಖಾಲಿ ಬಿಡುತ್ತಿದ್ದರು. ಅಲ್ಲಿ ಬೇರೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ.

"ಅವರು ಯಾಕೆ ವಾಪಸ್ ಬಂದರು?" ಎಂದು ನಾನು ಚೀಟಿಯಲ್ಲಿ ಬರೆದು ತೋರಿಸಿದೆ.

"ಯಾಕೆ ಎಂದು ಗೊತ್ತಿಲ್ಲ. ಬಂದರು. ಆ ಜಾಗದಲ್ಲಿ ಕೂತರು" ಎಂದರು ದೊಡ್ಡಮ್ಮ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾಡಿನಲ್ಲಿ ಮಳೆ ಸದ್ದು. ನಾನು ಇಷ್ಟು ದಿನ ಹಿರಿಯರ ಕಥೆಯನ್ನು ಕೊನೆಯಿಂದ ಹಿಂದಕ್ಕೆ ಓದುತ್ತಿದ್ದೆ ಎನ್ನಿಸಿತು. ಕೊನೆ ನನಗೆ ಗೊತ್ತು. ಮಕ್ಕಳು ಶಾಲೆಗೆ ಹೋಗುತ್ತಾರೆ, ಮೊಮ್ಮಕ್ಕಳು ಟೀಚರ್, ನರ್ಸ್ ಆಗುತ್ತಾರೆ, ಊರಲ್ಲಿ ಮನೆ ಕಟ್ಟುತ್ತಾರೆ. ಹಾಗಾಗಿ ಅವರು ಹೊಳೆ ದಾಟಿದ್ದು ನನಗೆ ಧೈರ್ಯವಾಗಿ ಕಾಣುತ್ತದೆ. ಅವರಿಗೆ ಆ ಕೊನೆ ಗೊತ್ತಿರಲಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ರಾತ್ರಿ ಅವರ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ. ಕತ್ತಲೆ ಕಾಣುತ್ತಿತ್ತು. ನನಗೆ ಈಗ ಕಾಣುತ್ತಿರುವಂಥದ್ದೇ ಕತ್ತಲೆ. ಅವರಿಗೂ 'ಬಹುದು' ಎಂಬುದರ ಆಚೆ ಏನೂ ಕೊಟ್ಟಿರಲಿಲ್ಲ.

ನನಗೆ ಸಮಾಧಾನ ಕೊಟ್ಟದ್ದು ಅವರ ಗಟ್ಟಿತನವಲ್ಲ. ಅವರಿಗೆ ಗೊತ್ತಿರಲಿಲ್ಲ ಎಂಬುದು.

ಆನಂದರಾವ್ ಕೌಂಡಿನ್ಯರ ವಿಷಯವೂ ಆಗ ನೆನಪಾಯಿತು. ಸಾರಸ್ವತ ಬ್ರಾಹ್ಮಣ ಹುಡುಗ, ಮೋಗ್ಲಿಂಗ್ ಶಿಷ್ಯ. 1844ರ ಜನವರಿಯಲ್ಲಿ ದೀಕ್ಷಾಸ್ನಾನ ಆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲ. ಅವರ ಹೆಂಡತಿ ಜೊತೆಗೆ ಬರಲಿಲ್ಲ. ಅವರು ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ವಾಪಸ್ ಬಂದರು. ಕೊಡಗಿನಲ್ಲಿ ಮೋಗ್ಲಿಂಗ್ ಜೊತೆ ಸೇರಿ, ಜೀತದ ಹೊಲೆಯರಿಗಾಗಿ ಆನಂದಪುರ ಎಂಬ ಊರನ್ನೇ ಕಟ್ಟಿದರು. ನಮ್ಮ ಸಭೆಗಳಲ್ಲಿ ಅವರ ಹೆಸರನ್ನು ತುಂಬ ಪ್ರೀತಿಯಿಂದ ಹೇಳುತ್ತೇವೆ. ಆದರೆ ಬಾರದೆ ಉಳಿದ ಆ ಹೆಣ್ಣಿನ ಸಂಕಟದ ಬಗ್ಗೆ ಯಾರೂ ಹೇಳುವುದು ನಾನು ಕೇಳಿಲ್ಲ. ಅದನ್ನೂ ಹೇಳಬೇಕು ಎಂದು ನನಗೆ ಅನಿಸುತ್ತದೆ. ನಂಬಿಕೆಯ ಬೆಲೆಯನ್ನು ನಂಬಿದವರು ಮಾತ್ರ ತೆತ್ತದ್ದಲ್ಲ.

ನಮ್ಮ ಮನೆಯಲ್ಲಿ ಬೆಲೆ ತೆತ್ತವನು ಕತ್ತಿ ಹಿಡಿದು ನಿಂತ ಆ ತಮ್ಮ. ಅಣ್ಣನ ಮರಗಳನ್ನೂ ಅವನೇ ಹತ್ತಿದ. ಅವನ ಸಂತಾನ ಈಗಲೂ ಅಲ್ಲೇ ಪಕ್ಕದ ಊರಲ್ಲಿದೆ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಗರಡಿಗೆ, ಅಂದರೆ ಅವರ ಗುಡಿಗೆ, ನಡೆದುಕೊಳ್ಳುವವರು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದಾಗ ಆ ಮನೆಯ ಹಿರಿಯರೂ ಹೋಗಿದ್ದರಂತೆ. ತಮ್ಮನ್ನು ಒಳಗೆ ಬಿಡದ ದೇವಸ್ಥಾನಗಳ ಎದುರು ತಮ್ಮದೇ ದೇವಸ್ಥಾನ. ಒಂದೇ ಗಾಯಕ್ಕೆ ಒಂದೇ ಮನೆಯ ಎರಡು ಕವಲು ಎರಡು ಮದ್ದು ಹುಡುಕಿತು. ಕೆಲವು ತಲೆಮಾರು ಮಾತು ಬಿಟ್ಟಿತ್ತು. ನನ್ನ ಅಜ್ಜನ ಕಾಲದಲ್ಲಿ ಮತ್ತೆ ಸೇರಿತು. ಈಗ ಮದುವೆಗೆ, ಸಾವಿಗೆ ಹೋಗಿ ಬರುತ್ತೇವೆ. ನಾನು ಹಳೆಮನೆಯಲ್ಲಿದ್ದೇನೆ ಎಂದು ತಿಳಿದು ಅವರ ಮನೆಯ ಅಕ್ಕ ಒಂದು ದಿನ ಬಸಳೆ ಕಟ್ಟು ಹಿಡಿದು ಬಂದರು. ಗರಡಿಯಲ್ಲಿ ನನ್ನ ಹೆಸರು ಹೇಳಿ ಹೂವು ಇಟ್ಟು ಬಂದೆ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಮಾತಾಡಬೇಕಿತ್ತು, ಆಗಲಿಲ್ಲ. ಮಾತು ಬೇಕಾಗಿಯೂ ಇರಲಿಲ್ಲ.

ಸಪ್ಟೆಂಬರ್‌ನಲ್ಲಿ ಮಂಗಳೂರಿಗೆ ವಾಪಸ್ ಬಂದೆ. ಭಾನುವಾರ ಚರ್ಚಿಗೆ ಹೋಗಲು ಮೂರು ತಿಂಗಳಿಂದ ಮನಸ್ಸಿರಲಿಲ್ಲ. ಹೋದೆ. ಕ್ವಾಯರ್ ಕಡೆ ನೋಡದೆ ಹಿಂದಿನ ಬೆಂಚಿನಲ್ಲಿ ಕೂತೆ. ಹಾಡು ಶುರುವಾಯಿತು. ಎಲ್ಲರೂ ಎದ್ದರು. ನಾನೂ ಎದ್ದೆ. ಬಾಯಿ ಆಡಿಸಿದೆ.

ಆಗ ಹನ್ನಳು ನೆನಪಾದಳು. ಒಂದನೆಯ ಸಮುವೇಲದಲ್ಲಿ ಬರುವ ಹನ್ನ. ಮಕ್ಕಳಿಲ್ಲದ ದುಃಖದಲ್ಲಿ ದೇವಾಲಯದಲ್ಲಿ ಪ್ರಾರ್ಥಿಸುತ್ತಾಳೆ. ತುಟಿ ಮಾತ್ರ ಅಲ್ಲಾಡುತ್ತದೆ, ಸ್ವರ ಕೇಳುವುದಿಲ್ಲ. ಯಾಜಕ ಏಲಿ ಅವಳನ್ನು ಕುಡಿದವಳು ಎಂದುಕೊಳ್ಳುತ್ತಾನೆ. ಎಷ್ಟು ಸಲ ಮಕ್ಕಳಿಗೆ ಈ ಕಥೆ ಹೇಳಿದ್ದೇನೆ! ಆ ದಿನ ನನ್ನ ತುಟಿಯೂ ಅಲ್ಲಾಡುತ್ತಿತ್ತು. ಸುತ್ತ ಇನ್ನೂರು ಜನ ಹಾಡುತ್ತಿದ್ದರು. ನನ್ನ ಪಂಕ್ತಿಯನ್ನು ಯಾರೋ ಹಾಡುತ್ತಿದ್ದರು. ನಾನು ಹಾಡದಿದ್ದರೂ ಹಾಡು ನಿಲ್ಲಲಿಲ್ಲ. ಮೊದಲಾದರೆ ಅದು ನೋವು ಕೊಡುತ್ತಿತ್ತು. ಆ ದಿನ ಅದಕ್ಕೆ ಆತು ನಿಂತೆ. ಪಕ್ಕದಲ್ಲಿ ಒಂದು ಜಾಗ ಖಾಲಿ ಇತ್ತು. ನಾನು ಅದನ್ನು ನೋಡುತ್ತಲೇ ಇದ್ದೆ.

ಈ ಹಾಡು ಒಮ್ಮೆ ನಿಲ್ಲಬಹುದಿತ್ತು ಕೂಡ. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಮಿಶನರಿಗಳು ಶತ್ರು ದೇಶದವರಾದರು. ಹಲವರನ್ನು ಬಂಧನ ಶಿಬಿರಕ್ಕೆ ಕಳಿಸಿದರು, ಆಮೇಲೆ ದೇಶದಿಂದಲೇ ಕಳಿಸಿದರು. ಕಾರ್ಖಾನೆಗಳು ಮಿಶನ್ ಕೈತಪ್ಪಿ ಹೋದವು. ಅಜ್ಜನ ಅಪ್ಪ ಆಗ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ದೊರೆಗಳು ಹೋದ ಮೇಲೆ ನಿಮ್ಮ ಸಭೆಯೂ ಹೋಯಿತು ಎಂದು ಊರವರು ಅಂದುಕೊಂಡರಂತೆ. ಊರಿನ ಅಯ್ಯನವರುಗಳು, ಉಪದೇಶಿಗಳು, ಬೆಂಚಿನಲ್ಲಿ ಕೂರುತ್ತಿದ್ದ ಹೆಂಗಸರು ಸಭೆ ನಡೆಸಿದರು. ಹಾರ್ಮೋನಿಯಂ ನುಡಿಸುವವರಿಲ್ಲದ ದಿನ ಬರೀ ಬಾಯಲ್ಲಿ ಹಾಡಿದರು. ಆ ಮೇಸ್ತ್ರಿಯೇ ಮುದಿತನದಲ್ಲಿ ಮೂಲ್ಕಿ ಕಡೆ ವಾಪಸ್ ಹೋಗಿ, ಅಪ್ಪ ಬಿಟ್ಟುಬಂದ ಊರಿನ ಹತ್ತಿರ ತುಂಡು ಜಾಗ ಕೊಂಡು, ತನ್ನ ಕಾರ್ಖಾನೆಯ ಹೆಂಚು ಹೊದಿಸಿ ಮನೆ ಕಟ್ಟಿದ್ದು.

ಈಗ ಸ್ಪೀಚ್ ಥೆರಪಿಗೆ ಹೋಗುತ್ತಿದ್ದೇನೆ. ಆಡುವ ತಂತು ಆಡದ ತಂತಿನವರೆಗೆ ಹೋಗಿ ತಾಗಲು ಕಲಿಯಬೇಕು ಎಂದು ಹೇಳಿಕೊಡುತ್ತಾರೆ. ಸ್ವಲ್ಪ ಸ್ವರ ಬಂದಿದೆ. ಹಳೆಯ ಸ್ವರವಲ್ಲ. ಒರಟು, ಉಸಿರು ಬೆರೆತದ್ದು. ನಾಲ್ಕು ವಾಕ್ಯಕ್ಕೆ ಸುಸ್ತಾಗುತ್ತದೆ. ಕ್ಲಾಸಿಗೆ ಸಣ್ಣ ಮೈಕ್ ಕಟ್ಟಿಕೊಂಡು ಹೋಗುತ್ತೇನೆ. ಮಕ್ಕಳು ಮೊದಲಿಗಿಂತ ಸುಮ್ಮನಿರುತ್ತಾರೆ, ಪಾಪ. ಹಾಡು ಇಲ್ಲ. ಹಾಡು ಬರಲಿಕ್ಕಿಲ್ಲ ಎಂದು ಥೆರಪಿಸ್ಟ್ ಬಾಯಿಬಿಟ್ಟು ಹೇಳಿಲ್ಲ, ಆದರೆ ನನಗೆ ಅರ್ಥವಾಗಿದೆ. ಅದಕ್ಕೆ ಈಗಲೂ ಅಳು ಬರುತ್ತದೆ. ಬರುವ ದಿನ ಅತ್ತುಬಿಡುತ್ತೇನೆ.

ಆ ಹೆಂಚನ್ನು ದೊಡ್ಡಮ್ಮ ನನಗೇ ಕೊಟ್ಟರು. ನಮ್ಮದು ಫ್ಲಾಟ್, ಮಾಡು ಇಲ್ಲ. ಪ್ರಾರ್ಥನೆಯ ಪುಸ್ತಕಗಳ ಪಕ್ಕ ಗೋಡೆಗೆ ಒರಗಿಸಿ ಇಟ್ಟಿದ್ದೇನೆ.

ನಮ್ಮ ಮನೆಗಳಲ್ಲಿ ಸಂಜೆ ಪ್ರಾರ್ಥನೆ ಇರುತ್ತದೆ. ಅಜ್ಜನ ಅಜ್ಜನ ಕಾಲದಲ್ಲಿ ಅದು ತುಳುವಿನಲ್ಲಿ ಇತ್ತು. ಶಾಲೆ ಕನ್ನಡದ್ದು, ಹಾಗಾಗಿ ಮುಂದಿನ ತಲೆಮಾರುಗಳಿಗೆ ಪ್ರಾರ್ಥನೆಯೂ ಕನ್ನಡವಾಯಿತು. ಮಾತಾಡುವುದು ತುಳು, ಪ್ರಾರ್ಥಿಸುವುದು ಕನ್ನಡ. ನಮ್ಮ ಮನೆಯಲ್ಲಿ ಅದನ್ನು ನಡೆಸುತ್ತಿದ್ದವಳು ನಾನು. ಜೂನ್‌ನಿಂದ ನಿಂತುಹೋಗಿತ್ತು. ಅಕ್ಟೋಬರ್‌ನಲ್ಲಿ ಒಂದು ಸಂಜೆ ಮಗ, ಅವನಿಗೆ 14, ತಾನಾಗಿ ಬಂದು ಚಾಪೆ ಹಾಕಿದ. "ನೀನು ಪಿಸುಪಿಸು ಹೇಳು, ನಾನು ಜೋರಾಗಿ ಹೇಳ್ತೇನೆ" ಎಂದ.

ಹಾಗೇ ಮಾಡಿದೆವು. ನಾನು ಅವನ ಕಿವಿಯ ಹತ್ತಿರ ಒಂದೊಂದೇ ಸಾಲು ಉಸುರಿದೆ. ಅವನು ಒಡೆಯುತ್ತಿರುವ ಗಂಟಲಿನಲ್ಲಿ ಅದನ್ನು ಹೊರಗೆ ಹೇಳಿದ. ಅಡುಗೆಮನೆಯಿಂದ ಅವನ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಕಾಯಿಲೆಯವರಿಗಾಗಿ, ದೊಡ್ಡಮ್ಮನಿಗಾಗಿ, ಬಸಳೆ ತಂದ ಅಕ್ಕನ ಮನೆಗಾಗಿ. ನನ್ನ ಮಾತು ಮುಗಿಯಿತು. ಅವನು ಆಮೆನ್ ಹೇಳಲಿಲ್ಲ, ಸ್ವಲ್ಪ ಹೊತ್ತು ತಡೆದ. ಆಮೇಲೆ ನಾನು ಹೇಳಿಕೊಡದ ಒಂದು ಸಾಲನ್ನು ತಾನೇ ಸೇರಿಸಿದ. ಅದನ್ನು ಅವನು ತುಳುವಿನಲ್ಲಿ ಹೇಳಿದ.